ಯುದ್ಧದ ಸಾವು, ಮನೆಯೊಳಗಿನ ಬಂದೂಕು

ಕೇಳುಗರೆಲ್ಲರಿಗೂ ನಮಸ್ಕಾರ.

2012ರ ಡಿಸೆಂಬರಿನಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು ಮತ್ತು ಶಾಲೆಯ 6 ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾದರು. ಅದಾದ ಕೆಲವೇ ದಿನಗಳಲ್ಲಿ ಪತ್ರಕರ್ತ ಮಾರ್ಕ್ ಶೀಲ್ಡ್ಸ್ ಟೀವಿಯಲ್ಲಿ ಒಂದು ಮಾತು ಹೇಳಿದರು. ಅಮೆರಿಕದ ರಾಜಕಾರಣಿ ರಾಬರ್ಟ್ ಕೆನಡಿ ಕೊಲೆಯಾದದ್ದು 1968ರಲ್ಲಿ. ಅಲ್ಲಿಂದ ಈಚೆಗೆ ದೇಶದೊಳಗೆ ಬಂದೂಕಿನಿಂದ ಸತ್ತ ಅಮೆರಿಕನ್ನರು, ಆ ದೇಶ ಮಾಡಿದ ಎಲ್ಲ ಯುದ್ಧಗಳಲ್ಲಿ ಸತ್ತವರಿಗಿಂತ ಜಾಸ್ತಿ ಎಂದರು.

ಮೊದಲ ಸಲ ಕೇಳಿದಾಗ ನಂಬಲು ಕಷ್ಟ, ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿದವರಿಗೆ ಅದು ನಿಜವೇ ಎಂದು ಗೊತ್ತಾಯಿತು. 2015ರ ಹೊತ್ತಿಗೆ ಬಂದೂಕಿನ ಸಾವು 15 ಲಕ್ಷ ದಾಟಿತ್ತು. ಸ್ವಾತಂತ್ರ್ಯದ ಯುದ್ಧದಿಂದ ಹಿಡಿದು ಅಫ್ಘಾನಿಸ್ತಾನ, ಇರಾಕ್ ತನಕ ಎಲ್ಲ ಯುದ್ಧಗಳನ್ನು ಕೂಡಿಸಿದರೂ ಸುಮಾರು 14 ಲಕ್ಷ.

ಈ ಹೋಲಿಕೆ ನನ್ನನ್ನೂ ಬೆಚ್ಚಿಬೀಳಿಸಿತ್ತು. ಆದರೆ ಅಷ್ಟಕ್ಕೇ ನಿಂತರೆ ಸಾಲದು. ಯುದ್ಧದ ಲೆಕ್ಕದಲ್ಲಿ ಸೇರಿದವರೆಲ್ಲ ಗುಂಡು ತಗುಲಿ ಸತ್ತವರಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಹೆಚ್ಚಿನ ಸೈನಿಕರು ಸತ್ತದ್ದು ಕಾಯಿಲೆಯಿಂದ. ಮೊದಲ ಮಹಾಯುದ್ಧದಲ್ಲೂ ಜ್ವರ ಕೊಂಡೊಯ್ದವರೇ ಎಷ್ಟೋ ಮಂದಿ. ಇನ್ನು ಕೆಲವರು ಷಿಕಾಗೋ ನಗರದ ಕೊಲೆಗಳನ್ನು ಇರಾಕಿನಲ್ಲಿ ಸತ್ತ ಸೈನಿಕರ ಪಕ್ಕ ಇಟ್ಟು ತೋರಿಸುತ್ತಾರೆ. ಷಿಕಾಗೋದ ಜನ 27 ಲಕ್ಷ. ಇರಾಕಿನಲ್ಲಿದ್ದ ಅಮೆರಿಕದ ಸೈನಿಕರು ಒಂದೂವರೆ ಲಕ್ಷದ ಆಸುಪಾಸು. ಇಷ್ಟು ಮಂದಿಯಲ್ಲಿ ಎಷ್ಟು ಸಾವು ಎಂದು ನೋಡಿದರೆ ಸೈನಿಕನಿಗಿದ್ದ ಅಪಾಯವೇ ಎಷ್ಟೋ ಪಟ್ಟು ಹೆಚ್ಚು. ಬಂದೂಕಿನ ಮೇಲೆ ಯಾವ ಕಟ್ಟುಪಾಡೂ ಬೇಡ ಎನ್ನುವವರು ಇಂಥ ತಪ್ಪನ್ನೇ ಹಿಡಿದು ಇಡೀ ಚರ್ಚೆಯನ್ನು ತಳ್ಳಿಹಾಕುತ್ತಾರೆ.

ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು. ಯುದ್ಧ ಎಂದ ಕೂಡಲೇ ನಮ್ಮ ಕಣ್ಣಿಗೆ ಕಾಣುವುದು ಶತ್ರು. ಎದುರಿನಿಂದ ಗುಂಡು ಹಾರಿಸುವ ಬೇರೆ ಯಾರೋ ಒಬ್ಬ. ಆದರೆ 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತ 48,830 ಮಂದಿಯಲ್ಲಿ 26,328 ಮಂದಿಯದು ಆತ್ಮಹತ್ಯೆ. ಅರ್ಧಕ್ಕಿಂತ ಜಾಸ್ತಿ. ಪ್ರತಿ ವರ್ಷವೂ ಹೆಚ್ಚುಕಡಿಮೆ ಇದೇ ಕಥೆ. ಶಾಲೆಯಲ್ಲಿ ಗುಂಡು ಹಾರಿದರೆ ಜಗತ್ತಿಗೇ ಗೊತ್ತಾಗುತ್ತದೆ. ಮನೆಯ ಕೋಣೆಯಲ್ಲಿ ಒಬ್ಬರೇ ಸತ್ತರೆ ಆ ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗುವುದಿಲ್ಲ.

ಹೀಗೆ ಸತ್ತವರಲ್ಲಿ ಮಾಜಿ ಸೈನಿಕರೂ ಇದ್ದಾರೆ. ಅದೇ 2021ರಲ್ಲಿ 6 ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರು ಆತ್ಮಹತ್ಯೆ ಮಾಡಿಕೊಂಡರು. ಹತ್ತರಲ್ಲಿ ಏಳು ಮಂದಿಯ ಕೈಯಲ್ಲಿದ್ದದ್ದು ಬಂದೂಕು. ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಕಪ್ಪು ಗೋಡೆಯ ಮೇಲೆ 58 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಯುದ್ಧದಿಂದ ಜೀವಂತ ವಾಪಸು ಬಂದು, ಆಮೇಲೆ ನೋವು ತಾಳಲಾರದೆ ಪ್ರಾಣ ಕಳೆದುಕೊಂಡವರ ಹೆಸರು ಅಲ್ಲಿ ಇಲ್ಲ. ಈ ಹೋಲಿಕೆಯಲ್ಲಿ ಅವರು ಯುದ್ಧದ ಕಡೆ ಸೇರುವುದೇ ಇಲ್ಲ, ನಾಗರಿಕರ ಕಡೆ ಸೇರುತ್ತಾರೆ. ಹಾಗಾದರೆ ಎರಡೂ ಕಡೆಯ ಲೆಕ್ಕ ಬೇರೆ ಬೇರೆ ಎಂದು ಹೇಗೆ ಹೇಳುವುದು?

ಇದನ್ನು ತಡೆಯಬಹುದು. ಸಾಯಬೇಕೆಂಬ ಒತ್ತಡ ಎಷ್ಟೋ ಸಲ ಕೆಲವೇ ಹೊತ್ತಿನದು. ಅದನ್ನು ದಾಟಿ ಬದುಕಿದವರಲ್ಲಿ ಬಹುಪಾಲು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಇಸ್ರೇಲಿನ ಸೇನೆ 2006ರಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತು. ವಾರಾಂತ್ಯದ ರಜೆಗೆ ಊರಿಗೆ ಹೋಗುವ ಸೈನಿಕರು ರೈಫಲ್ಲನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕು ಎಂದಿತು. ಆ ಸೇನೆಯಲ್ಲಿ ಆತ್ಮಹತ್ಯೆ ಸುಮಾರು ಶೇಕಡಾ 40ರಷ್ಟು ಇಳಿಯಿತು. ಯಾರ ಹಕ್ಕೂ ಹೋಗಲಿಲ್ಲ, ಯಾರ ಬಂದೂಕನ್ನೂ ಕಸಿದುಕೊಳ್ಳಲಿಲ್ಲ.

ಅಮೆರಿಕದಲ್ಲಿ ಇಂಥ ವಿಷಯಗಳ ಅಧ್ಯಯನಕ್ಕೇ ಬಹಳ ಕಾಲ ಹಣ ಇರಲಿಲ್ಲ. 1996ರಲ್ಲಿ ಸಂಸತ್ತು ಹಾಕಿದ ಒಂದು ಷರತ್ತಿಗೆ ಹೆದರಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಬಂದೂಕಿನ ಸಾವಿನ ಸಂಶೋಧನೆಯನ್ನು ಹೆಚ್ಚುಕಡಿಮೆ ಕೈಬಿಟ್ಟಿತು. ಮತ್ತೆ ಅದಕ್ಕೆಂದೇ ಹಣ ಕೊಟ್ಟದ್ದು 2019ರ ಕೊನೆಗೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಸುಮ್ನೆ ಕಳೆದುಹೋಯಿತು. ಇದು ನನಗೆ ಇಂದಿಗೂ ಸಿಟ್ಟು ತರಿಸುವ ವಿಷಯ.

ಈಗ ಇಪ್ಪತ್ತರಷ್ಟು ರಾಜ್ಯಗಳಲ್ಲಿ, ಅಪಾಯದ ಸ್ಥಿತಿಯಲ್ಲಿ ಇರುವವರ ಬಂದೂಕನ್ನು ನ್ಯಾಯಾಲಯದ ಆದೇಶದಿಂದ ಸ್ವಲ್ಪ ಕಾಲ ತೆಗೆದಿಡುವ ಕಾನೂನು ಇದೆ. ಮಾಜಿ ಸೈನಿಕರ ಇಲಾಖೆ ಬಂದೂಕಿಗೆ ಹಾಕುವ ಬೀಗವನ್ನು ಪುಕ್ಕಟೆಯಾಗಿ ಕೊಡುತ್ತದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳೂ ಇದನ್ನು ಗಮನಿಸಬೇಕು. ಮಗುವನ್ನು ಗೆಳೆಯರ ಮನೆಗೆ ಆಟಕ್ಕೆ ಕಳಿಸುವ ಮೊದಲು, ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ, ಇದ್ದರೆ ಬೀಗ ಹಾಕಿ ಇಟ್ಟಿದ್ದೀರಾ ಎಂದು ಕೇಳಿಬಿಡಿ. ಸಂಕೋಚ ಬೇಡ. ಅಲ್ಲಿನ ಮಕ್ಕಳ ಡಾಕ್ಟರುಗಳೇ ತಂದೆತಾಯಿಗೆ ಹೀಗೆ ಕೇಳಿ ಎಂದು ಹೇಳಿಕೊಡುತ್ತಾರೆ.