ಬೂಟ್ ಆಯ್ತು ಅಂದರೆ ಗಟ್ಟಿಯಾಯ್ತು ಅಂತಲ್ಲ: ಓವರ್‌ಕ್ಲಾಕಿಂಗ್ ಮತ್ತು ಸ್ಟೆಬಿಲಿಟಿ ಟೆಸ್ಟ್

[ಪರದೆಯ ಬಲ ಮೂಲೆಯಲ್ಲಿ ಪ್ರೈಮ್95 ವಿಂಡೋ. 8 ವರ್ಕರ್‌ಗಳು ಓಡುತ್ತಿವೆ. ಮೇಲೆ ಗಡಿಯಾರ: 14 ನಿಮಿಷ]

ನಮಸ್ಕಾರ. ಬಲಗಡೆ ಮೂಲೆಯಲ್ಲಿ ಒಂದು ಸಣ್ಣ ವಿಂಡೋ ಕಾಣುತ್ತಿದೆ ಅಲ್ವಾ? ಅದು ಈ ಟೇಬಲ್ ಮೇಲಿರುವ ಕಂಪ್ಯೂಟರ್‌ನದ್ದು. ಕ್ಯಾಮೆರಾ ಆನ್ ಮಾಡುವ ಮೊದಲೇ ಅದರಲ್ಲಿ ಪ್ರೈಮ್95 ಎಂಬ, ಪ್ರೊಸೆಸರ್‌ಗೆ ಕಠಿಣ ಲೆಕ್ಕ ಕೊಟ್ಟು ಪರೀಕ್ಷಿಸುವ ತಂತ್ರಾಂಶ ಓಡಲು ಬಿಟ್ಟಿದ್ದೇನೆ. ವರ್ಕರ್ ಅಂದರೆ ಅದರಲ್ಲಿ ಬೇರೆಬೇರೆಯಾಗಿ ಓಡುವ ಒಂದೊಂದು ಲೆಕ್ಕ. ಒಳಗಿರುವುದು ಇಂಟೆಲ್ ಕೋರ್ ಐ9-9900ಕೆ, 2018ರ ಪ್ರೊಸೆಸರ್. 8 ಕೋರ್. ಎಲ್ಲ ಕೋರ್‌ಗಳೂ ಒಟ್ಟಿಗೆ ದುಡಿಯುವಾಗ ಕಂಪನಿ ಇಟ್ಟ ವೇಗ 4.7 ಗಿಗಾಹರ್ಟ್ಸ್. ನಾನು ಅದನ್ನು 5 ಗಿಗಾಹರ್ಟ್ಸ್‌ಗೆ ಏರಿಸಿದ್ದೇನೆ, 1.30 ವೋಲ್ಟ್‌ನಲ್ಲಿ. ಹೀಗೆ ಕಂಪನಿ ಇಟ್ಟದ್ದಕ್ಕಿಂತ ವೇಗ ಏರಿಸುವುದೇ ಓವರ್‌ಕ್ಲಾಕಿಂಗ್. ವಿಂಡೋಸ್ ಬಂತು. ಸಿನೆಬೆಂಚ್ ಎಂಬ ವೇಗ ಅಳೆಯುವ ತಂತ್ರಾಂಶ 10 ನಿಮಿಷ ಓಡಿತು. ನಿನ್ನೆ ಸಂಜೆ 2 ಗಂಟೆ ಗೇಮ್ ಆಡಿದೆ, ಏನೂ ಆಗಲಿಲ್ಲ.

ಇಷ್ಟಾದರೆ ಬಹಳ ಜನ "ಸ್ಟೇಬಲ್ ಆಗಿದೆ", ಅಂದರೆ ತಪ್ಪಿಲ್ಲದೆ ಓಡುತ್ತದೆ, ಅಂದುಬಿಡುತ್ತಾರೆ. ನಾನು ಇನ್ನೂ ಅನ್ನುವುದಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ವಿಡಿಯೋ. ಆ ವಿಂಡೋ ಮೇಲೆ ಒಂದು ಕಣ್ಣಿಟ್ಟಿರಿ.

ಹಳೆ ಪ್ರೊಸೆಸರ್ ಯಾಕೆ ಅಂತ ಕೇಳಬಹುದು. ಹೊಸ ಚಿಪ್‌ಗಳು ಬಾಕ್ಸ್‌ನಿಂದ ಬರುವಾಗಲೇ ತಮ್ಮ ಮಿತಿಯ ಅಂಚಿನಲ್ಲಿ ಓಡುತ್ತವೆ. ಕಲಿಯಲು ಸ್ವಲ್ಪ ಜಾಗ ಉಳಿದಿರುವ ಚಿಪ್ ಒಳ್ಳೆಯದು.

[ಪರದೆ: 100 × 47 = 4700, ನಂತರ 100 × 50 = 5000]

ಏರಿಸುವ ಲೆಕ್ಕ ಬಹಳ ಸುಲಭ. ಬೇಸ್ ಕ್ಲಾಕ್ 100 ಮೆಗಾಹರ್ಟ್ಸ್. ಅದನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದರೆ ವೇಗ ಬರುತ್ತದೆ. 47 ಇದ್ದದ್ದು 50 ಮಾಡಿದೆ, ಅಷ್ಟೇ. ಮಲ್ಟಿಪ್ಲೈಯರ್ ಬದಲಾಯಿಸಲು ಬಿಡುವ ಚಿಪ್ ಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವವು, ಜೊತೆಗೆ ಝೆಡ್ ಸರಣಿಯ ಬೋರ್ಡ್. ಎಎಂಡಿಯಲ್ಲಿ ಹೆಚ್ಚಿನ ರೈಜೆನ್‌ಗಳು ತೆರೆದೇ ಇರುತ್ತವೆ, ಆದರೆ ಎ320, ಎ520ಯಂಥ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಏರಿಸಲು ಆಗುವುದಿಲ್ಲ. ಮೊದಲೆಲ್ಲ ಬೇಸ್ ಕ್ಲಾಕನ್ನೇ ಏರಿಸುತ್ತಿದ್ದರು. 1998ರ ಸೆಲೆರಾನ್ 300ಎ ಅದಕ್ಕೇ ಹೆಸರುವಾಸಿ. ಬಸ್ 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ 450ಕ್ಕೆ ಓಡುತ್ತಿತ್ತು. ಒಂದೂವರೆ ಪಟ್ಟು! ಈಗ ಅಂಥದ್ದು ಸಿಗುವುದಿಲ್ಲ.

ಈಗ ನಿಧಾನವಾಗಿ ಕೇಳಿ, ಇದೇ ಮುಖ್ಯ ಭಾಗ. 5 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 500 ಕೋಟಿ ಟಿಕ್. ಒಂದು ಟಿಕ್‌ನಿಂದ ಇನ್ನೊಂದಕ್ಕೆ 200 ಪಿಕೋಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ 6 ಸೆಂಟಿಮೀಟರ್ ಅಷ್ಟೇ ಸಾಗುತ್ತದೆ. ಆ ಅವಧಿಯೊಳಗೆ ಒಂದರ ಹಿಂದೆ ಒಂದು ಸಾಲು ಟ್ರಾನ್ಸಿಸ್ಟರ್‌ಗಳು ಆನ್ ಆಫ್ ಆಗಿ, ಉತ್ತರ ಆ ತುದಿಗೆ ಮುಟ್ಟಿರಬೇಕು. ಮುಂದಿನ ಟಿಕ್ ಬಂದಾಗ ಉತ್ತರ ಇನ್ನೂ ದಾರಿಯಲ್ಲಿದ್ದರೆ ಚಿಪ್ ಕಾಯುವುದಿಲ್ಲ. ಆ ಕ್ಷಣಕ್ಕೆ ತಂತಿಯಲ್ಲಿ ಏನಿದೆಯೋ ಅದನ್ನೇ ಉತ್ತರ ಅಂತ ಬರೆದುಕೊಳ್ಳುತ್ತದೆ. 1 ಆಗಬೇಕಿದ್ದದ್ದು 0 ಆಗುತ್ತದೆ.

ವೋಲ್ಟೇಜ್ ಜಾಸ್ತಿ ಕೊಟ್ಟರೆ ಟ್ರಾನ್ಸಿಸ್ಟರ್ ಬೇಗ ಬದಲಾಗುತ್ತದೆ, ಉತ್ತರ ಹೊತ್ತಿಗೆ ಸರಿಯಾಗಿ ತಲುಪುತ್ತದೆ. ಅದಕ್ಕೇ ವೇಗದ ಜೊತೆ ವೋಲ್ಟೇಜ್ ಏರಿಸುವುದು. ಆದರೆ ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.20 ವೋಲ್ಟ್ ಇದ್ದದ್ದು 1.30 ಮಾಡಿ, 4.7ರಿಂದ 5ಕ್ಕೆ ಹೋದರೆ ವೇಗ ಸಿಗುವುದು ಶೇಕಡಾ 6ರಷ್ಟು. ವಿದ್ಯುತ್ ಮತ್ತು ಬಿಸಿ ಸುಮಾರು ಶೇಕಡಾ 25ರಷ್ಟು ಏರುತ್ತದೆ. ಬಿಸಿ ಏರಿದಷ್ಟೂ ಚಿಪ್ ಸ್ಥಿರವಾಗಿರುವುದು ಕಷ್ಟ. ಆಗ ಇನ್ನಷ್ಟು ವೋಲ್ಟೇಜ್ ಬೇಕು ಅನಿಸುತ್ತದೆ. ಹೀಗೆ ಸುತ್ತುತ್ತಾ ಹೋಗುತ್ತದೆ. ಓವರ್‌ಕ್ಲಾಕಿಂಗ್ ಅಂದರೆ ವೇಗ, ವೋಲ್ಟೇಜ್, ಬಿಸಿ ಈ ಮೂರರ ನಡುವೆ ಹದ ಹುಡುಕುವ ಕೆಲಸ.

ಇನ್ನೊಂದು ವಿಷಯ. ಚಿಪ್‌ನೊಳಗೆ ಎಲ್ಲ ದಾರಿಗಳ ಉದ್ದ ಒಂದೇ ಅಲ್ಲ. ಸುಮ್ನೆ ಎರಡು ಸಂಖ್ಯೆ ಕೂಡಿಸುವ ದಾರಿ ಬೇರೆ, ಹಲವು ಸಂಖ್ಯೆಗಳನ್ನು ಒಟ್ಟಿಗೆ ಲೆಕ್ಕ ಮಾಡುವ ಎವಿಎಕ್ಸ್‌ನ ದೊಡ್ಡ ಗುಣಾಕಾರದ ದಾರಿ ಬೇರೆ. 8 ಕೋರ್‌ಗಳೂ ಒಂದೇ ಹದದಲ್ಲಿ ತಯಾರಾಗಿರುವುದಿಲ್ಲ. ಹಾಗಾಗಿ ಮೊದಲು ಎಡವುವುದು ಯಾವುದೋ ಒಂದು ಕೋರ್‌ನ ಯಾವುದೋ ಒಂದು ದಾರಿ. ನಿಮ್ಮ ಗೇಮ್ ಆ ದಾರಿಯಲ್ಲಿ ಕಾಲಿಡದೇ ಇರಬಹುದು. ಎರಡು ಗಂಟೆ ಗೇಮ್ ಆಡಿದ್ದು ನನಗೆ ಸಾಕ್ಷಿ ಅನಿಸದಿರುವುದು ಇದೇ ಕಾರಣಕ್ಕೆ.

[ಪರದೆ: ಅರ್ಧಕ್ಕೆ ಬೂದು ಬಣ್ಣವಾದ ಒಂದು ಫೋಟೋ]

ಈ ಫೋಟೋ ನೋಡಿ. ಇದು ನನ್ನದೇ. ಕೆಲವು ವರ್ಷಗಳ ಹಿಂದೆ ನನ್ನ ಕಂಪ್ಯೂಟರ್‌ನಲ್ಲಿ ಮೆಮೊರಿಯ ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಸಿದ್ಧ ಸೆಟ್ಟಿಂಗ್, ಆನ್ ಮಾಡಿ, ಟೆಸ್ಟ್ ಮಾಡದೆ ಬಿಟ್ಟಿದ್ದೆ. ಒಂದು ಸಲವೂ ವಿಂಡೋಸ್ ಕುಸಿದು ನೀಲಿ ಪರದೆ ಬರಲಿಲ್ಲ. ಆ ದಿನಗಳಲ್ಲೇ ಹಳೆ ಡಿಸ್ಕ್‌ನ ಫೋಟೋಗಳನ್ನೆಲ್ಲ ಹೊಸ ಡಿಸ್ಕ್‌ಗೆ ಹಾಕಿಕೊಂಡು ಹಳೆಯದನ್ನು ಅಳಿಸಿದೆ. ಎಷ್ಟೋ ದಿನಗಳ ನಂತರ ತೆರೆದು ನೋಡಿದರೆ ಕೆಲವು ಹೀಗಾಗಿದ್ದವು. ಆಮೇಲೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿದರೆ ಮೊದಲ ಸುತ್ತಿನಲ್ಲೇ ಎರರ್. ಆ ಫೋಟೋಗಳು ಮತ್ತೆ ಸಿಗಲಿಲ್ಲ.

ನೀಲಿ ಪರದೆ ಬಂದರೆ ನನಗೆ ಬೇಜಾರಿಲ್ಲ, ಅದು ಬಾಯಿಬಿಟ್ಟು ಹೇಳುತ್ತದೆ. ಹೇಳದೆ ತಪ್ಪು ಮಾಡುವ ಯಂತ್ರ ಗೆದ್ದಲು ಹಿಡಿದ ಮರದ ಹಾಗೆ. ಹೊರಗಿನಿಂದ ಎಲ್ಲ ಸರಿ ಇರುತ್ತದೆ.

[ಗಡಿಯಾರ: 38 ನಿಮಿಷ. ಎಂಟೂ ವರ್ಕರ್ ಓಡುತ್ತಿವೆ. ಉಷ್ಣತೆ 86 ಡಿಗ್ರಿ]

ಇನ್ನೂ ಓಡುತ್ತಿದೆ. ಒಳ್ಳೆಯದು. ಇದು ನಿಜವಾಗಿ ಏನು ಮಾಡುತ್ತಿದೆ ಅಂತ ಹೇಳುತ್ತೇನೆ.

ಪ್ರೈಮ್95 ಹುಟ್ಟಿದ್ದು ಟೆಸ್ಟಿಂಗ್‌ಗಾಗಿ ಅಲ್ಲ. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಶುರು ಮಾಡಿದ ಜಿಂಪ್ಸ್ ಎಂಬ ಯೋಜನೆಯ ತಂತ್ರಾಂಶ ಇದು. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದು ಅದರ ಕೆಲಸ. 2024ರಲ್ಲಿ ಸಿಕ್ಕ ದೊಡ್ಡ ಸಂಖ್ಯೆಯಲ್ಲಿ 4 ಕೋಟಿಗೂ ಹೆಚ್ಚು ಅಂಕಿಗಳಿವೆ. ಇಂಥ ಲೆಕ್ಕ ವಾರಗಟ್ಟಲೆ ನಡೆಯುತ್ತದೆ. ಮಧ್ಯೆ ಒಂದು ಬಿಟ್ ತಪ್ಪಿದರೂ ಎಲ್ಲ ಹಾಳು. ಹಾಗಾಗಿ ಅವರು ತಪ್ಪು ಹಿಡಿಯುವ ವ್ಯವಸ್ಥೆ ಇಟ್ಟರು. ದಶಮಾಂಶದಲ್ಲಿ ಲೆಕ್ಕ ಮಾಡಿದ ಮೇಲೂ ಉತ್ತರ ಪೂರ್ಣ ಸಂಖ್ಯೆಯ ಹತ್ತಿರವೇ ಬರಬೇಕು. 0.4ಕ್ಕಿಂತ ಜಾಸ್ತಿ ದೂರ ಹೋದರೆ ಎಲ್ಲೋ ತಪ್ಪಾಗಿದೆ ಎಂದರ್ಥ. ಜೊತೆಗೆ ಟೆಸ್ಟ್‌ನಲ್ಲಿ ಕೇಳುವ ಪ್ರಶ್ನೆಗಳ ಉತ್ತರ ಮೊದಲೇ ಗೊತ್ತಿರುತ್ತದೆ, ತಾಳೆ ನೋಡುತ್ತದೆ.

ಒಳ್ಳೆ ಟೆಸ್ಟ್ ಅಂದರೆ ಇದು. ಸುಮ್ನೆ ಬಿಸಿ ಮಾಡಿದರೆ ಸಾಲದು, ಉತ್ತರವನ್ನೂ ತಾಳೆ ನೋಡಬೇಕು. 2016ರ ಜನವರಿಯಲ್ಲಿ ಇಂಟೆಲ್‌ನ ಸ್ಕೈಲೇಕ್ ಚಿಪ್‌ಗಳು ಕಂಪನಿ ಇಟ್ಟ ವೇಗದಲ್ಲೇ ಪ್ರೈಮ್95ರ ಒಂದು ನಿರ್ದಿಷ್ಟ ಲೆಕ್ಕದಲ್ಲಿ ನಿಂತುಹೋಗುವುದು ಬೆಳಕಿಗೆ ಬಂತು. ಇಂಟೆಲ್ ಅದನ್ನು ಒಪ್ಪಿಕೊಂಡು ಬಯೋಸ್ (ಮದರ್‌ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟ್ ಮೂಲಕ ಸರಿಪಡಿಸಿತು. ಅಷ್ಟು ಚುರುಕಾದ ಟೆಸ್ಟ್.

ಪ್ರೈಮ್95ರಲ್ಲಿ ಸ್ಮಾಲ್ ಎಫ್‌ಎಫ್‌ಟಿ ಎಂಬ ಆಯ್ಕೆ ಆರಿಸಿದರೆ ಲೆಕ್ಕ ಚಿಪ್‌ನೊಳಗಿನ ಸಣ್ಣ ಮೆಮೊರಿಯಾದ ಕ್ಯಾಶ್ ಒಳಗೇ ನಡೆಯುತ್ತದೆ, ಕೋರ್‌ಗಳಿಗೆ ಪೂರ್ತಿ ಹೊಡೆತ. ಬ್ಲೆಂಡ್ ಆರಿಸಿದರೆ ಮೆಮೊರಿಯನ್ನೂ ಎಳೆದುಕೊಳ್ಳುತ್ತದೆ. ಈಗ ಓಡುತ್ತಿರುವುದು ಸ್ಮಾಲ್ ಎಫ್‌ಎಫ್‌ಟಿ, ಎವಿಎಕ್ಸ್ ಆಫ್. ಎವಿಎಕ್ಸ್ ಆನ್ ಇದ್ದರೆ ಬಿಸಿ ಇನ್ನೂ ಬಹಳ ಏರುತ್ತದೆ. ಅದಕ್ಕೆ ಬಯೋಸ್‌ನಲ್ಲಿ ಎವಿಎಕ್ಸ್ ಆಫ್‌ಸೆಟ್ ಇದೆ. 2 ಅಂತ ಇಟ್ಟರೆ ಆ ಕೆಲಸ ಬಂದಾಗ ವೇಗ 200 ಮೆಗಾಹರ್ಟ್ಸ್ ಇಳಿಯುತ್ತದೆ.

[ಕ್ಯಾಮೆರಾ ಮದರ್‌ಬೋರ್ಡ್ ಮೇಲೆ. ಸಾಕೆಟ್ ಸುತ್ತಲಿನ ವಿಆರ್‌ಎಂ ಹೀಟ್‌ಸಿಂಕ್]

ಮದರ್‌ಬೋರ್ಡ್ ವಿಷಯಕ್ಕೆ ಬರೋಣ. ಪವರ್ ಸಪ್ಲೈ ಕೊಡುವುದು 12 ವೋಲ್ಟ್. ಅದನ್ನು 1.3ಕ್ಕೆ ಇಳಿಸುವುದು ಇಲ್ಲಿರುವ ವಿಆರ್‌ಎಂ. ಚಿಪ್ 200 ವ್ಯಾಟ್ ಎಳೆದರೆ 1.3 ವೋಲ್ಟ್‌ನಲ್ಲಿ ಅದು 150 ಆಂಪಿಯರ್ ದಾಟುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ! ಅಗ್ಗದ ಬೋರ್ಡ್‌ನಲ್ಲಿ ಪ್ರೊಸೆಸರ್ ತಣ್ಣಗಿದ್ದರೂ ವಿಆರ್‌ಎಂ ಕಾದು, ವೇಗ ತಾನಾಗಿ ಬಿದ್ದುಹೋಗುವುದು ಇದಕ್ಕೇ. ವಾಟರ್ ಕೂಲರ್ ಹಾಕಿದವರು ಇದನ್ನು ಮರೆಯುತ್ತಾರೆ. ಹಳೆ ಏರ್ ಕೂಲರ್‌ನ ಗಾಳಿ ವಿಆರ್‌ಎಂ ಮೇಲೂ ಬೀಸುತ್ತಿತ್ತು, ಈಗ ಆ ಗಾಳಿ ಇಲ್ಲ.

ಬಯೋಸ್‌ನಲ್ಲಿ 1.30 ಅಂತ ಇಟ್ಟ ಮಾತ್ರಕ್ಕೆ ಚಿಪ್‌ಗೆ 1.30 ಸಿಗುವುದಿಲ್ಲ. ಕೆಲಸದ ಹೊರೆ ಬಿದ್ದಾಗ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ. ಇದನ್ನು ವಿಡ್ರೂಪ್ ಅನ್ನುತ್ತಾರೆ. ಕುಸಿತ ಕಡಿಮೆ ಮಾಡಲು ಲೋಡ್ ಲೈನ್ ಕ್ಯಾಲಿಬ್ರೇಶನ್ ಇದೆ. ಬಹಳ ಜನ ಅದನ್ನು ಕಟ್ಟಕಡೆಯ ಮಟ್ಟಕ್ಕೆ ಏರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊರೆ ತಟ್ಟನೆ ಇಳಿದಾಗ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ, ಕ್ಷಣಕಾಲ ನೀವು ಇಟ್ಟದ್ದಕ್ಕಿಂತ ಜಾಸ್ತಿ. ತಂತ್ರಾಂಶದ ಮೀಟರ್‌ಗಳು ಅಷ್ಟು ಬೇಗ ಅಳೆಯುವುದಿಲ್ಲ, ಹಾಗಾಗಿ ನಿಮ್ಮ ಕಣ್ಣಿಗೆ ಅದು ಬೀಳುವುದೂ ಇಲ್ಲ. ನಡುವಿನ ಮಟ್ಟ ಸಾಕು. ಒಂದು ಎಚ್ಚರ: ಕೆಲವು ಬೋರ್ಡ್‌ಗಳಲ್ಲಿ 1 ಅಂದರೆ ಅತಿ ಬಲವಾದದ್ದು, ಕೆಲವದರಲ್ಲಿ 8. ಮ್ಯಾನುಯಲ್ ಓದಿ ನೋಡಿ.

ವೋಲ್ಟೇಜನ್ನು ಆಟೋಗೆ ಬಿಡುವುದೂ ನನಗೆ ಸರಿ ಕಾಣುವುದಿಲ್ಲ. ವೇಗ ಏರಿಸಿದಾಗ ಆಟೋ ಅಂದರೆ ಬೋರ್ಡ್ ಸಾಮಾನ್ಯವಾಗಿ ಧಾರಾಳ ಕೈ. 2023ರಲ್ಲಿ ಕೆಲವು ರೈಜೆನ್ 7000 ಎಕ್ಸ್3ಡಿ ಚಿಪ್‌ಗಳು ಸುಟ್ಟುಹೋದ ಮೇಲೆ ಹೊಸ ಬಯೋಸ್‌ಗಳಲ್ಲಿ ಎಸ್‌ಒಸಿ ವೋಲ್ಟೇಜನ್ನು (ಕೋರ್‌ಗಳ ಹೊರಗಿನ ಭಾಗಗಳಿಗೆ ಹೋಗುವುದು) 1.3ಕ್ಕೆ ಕಟ್ಟಿಹಾಕಬೇಕಾಯಿತು. 2024ರಲ್ಲಿ ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಿಗೆ 1.55 ವೋಲ್ಟ್ ಮೀರಿ ಕೇಳದಂತೆ ಮೈಕ್ರೋಕೋಡ್ (ಚಿಪ್‌ನೊಳಗಿನ ತಂತ್ರಾಂಶ) ತಂದಿತು. ಆ ಚಿಪ್ ಇರುವವರು ಬಯೋಸ್ ಅಪ್‌ಡೇಟ್ ಮಾಡದೆ ಓವರ್‌ಕ್ಲಾಕಿಂಗ್ ಮಾತೇ ಎತ್ತಬೇಡಿ.

ಟೆಸ್ಟ್ ಮಾಡುವ ಕ್ರಮ ಹೇಳಿಬಿಡುತ್ತೇನೆ. ಮೊದಲು ಎಲ್ಲ ಮೂಲ ಸೆಟ್ಟಿಂಗ್‌ನಲ್ಲೇ ಒಂದು ಗಂಟೆ ಓಡಿಸಿ. ಅಲ್ಲೇ ತಪ್ಪು ಬಂದರೆ ಓವರ್‌ಕ್ಲಾಕ್ ಮಾಡುವ ಪ್ರಶ್ನೆಯೇ ಇಲ್ಲ. ಆಮೇಲೆ ಎಕ್ಸ್‌ಎಂಪಿ ಆಫ್ ಇಟ್ಟು ಪ್ರೊಸೆಸರ್ ಮಾತ್ರ ಏರಿಸಿ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾರ ತಪ್ಪು ಅಂತ ಗೊತ್ತಾಗುವುದಿಲ್ಲ. ಪ್ರತಿ ಹೆಜ್ಜೆಗೂ ಸಿನೆಬೆಂಚ್ 10 ನಿಮಿಷ ಸಾಕು, ಕೊನೆಯ ಹೆಜ್ಜೆಗೆ ಇಡೀ ರಾತ್ರಿ. ಓಸಿಸಿಟಿ, ವೈ-ಕ್ರಂಚರ್ ಎಂಬ ಟೆಸ್ಟ್‌ಗಳೂ ಚೆನ್ನಾಗಿವೆ, ಒಂದು ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ.

ರೈಜೆನ್‌ನಲ್ಲಿ ಕರ್ವ್ ಆಪ್ಟಿಮೈಸರ್ (ಕೋರ್‌ಗಳ ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಬಳಸುವವರಿಗೆ ಒಂದು ಮಾತು. ಅಲ್ಲಿ ಎಲ್ಲ ಕೋರ್‌ಗಳ ಟೆಸ್ಟ್ ರಾತ್ರಿಯಿಡೀ ಪಾಸಾಗಿ, ಬೆಳಿಗ್ಗೆ ಬ್ರೌಸರ್ ತೆರೆದಾಗ ರೀಸ್ಟಾರ್ಟ್ ಆಗುವುದುಂಟು. ಒಂದೇ ಕೋರ್ ಅತಿ ವೇಗಕ್ಕೆ ಜಿಗಿಯುವುದು ಹೊರೆ ಕಡಿಮೆ ಇದ್ದಾಗಲೇ. ಕೋರ್‌ಸೈಕ್ಲರ್ ಒಂದೊಂದೇ ಕೋರನ್ನು ಹಿಡಿದು ಪರೀಕ್ಷಿಸುತ್ತದೆ, ಅದನ್ನೇ ಬಳಸಿ.

[ಪರದೆ: ವಿಂಡೋಸ್ ಈವೆಂಟ್ ವ್ಯೂವರ್]

ಟೆಸ್ಟ್ ಮುಗಿದ ಮೇಲೆ ವಿಂಡೋಸ್‌ನ ದಾಖಲೆ ಪುಸ್ತಕವಾದ ಈವೆಂಟ್ ವ್ಯೂವರ್ ತೆರೆದು ವೀಯಾ-ಲಾಗರ್ (WHEA-Logger) ಅಂತ ಹುಡುಕಿ, ಹಾರ್ಡ್‌ವೇರ್ ತಪ್ಪುಗಳು ಅಲ್ಲಿ ಸಿಗುತ್ತವೆ. 19ನೇ ನಂಬರಿನ ಈವೆಂಟ್ ಇದ್ದರೆ ಚಿಪ್ ತಪ್ಪು ಮಾಡಿ ತಾನೇ ತಿದ್ದಿಕೊಂಡಿದೆ. ಟೆಸ್ಟ್ ಪಾಸ್ ಅಂದರೂ ನಾನು ಅದನ್ನು ಫೇಲ್ ಅಂತಲೇ ಎಣಿಸುತ್ತೇನೆ. ಇಂದು ತಿದ್ದಿಕೊಂಡದ್ದು...

[ಪರದೆಯ ಮೂಲೆ ದೊಡ್ಡದಾಗುತ್ತದೆ. ಗಡಿಯಾರ: 1 ಗಂಟೆ 6 ನಿಮಿಷ. ವರ್ಕರ್ 6 ನಿಂತಿದೆ]

ನೋಡಿ, ಬಂತು. 6ನೇ ವರ್ಕರ್. ರೌಂಡಿಂಗ್ 0.5 ಇದೆ, 0.4ಕ್ಕಿಂತ ಕಡಿಮೆ ಇರಬೇಕಿತ್ತು ಅಂತ ಎರರ್. ಉಳಿದ 7 ಆರಾಮವಾಗಿ ಓಡುತ್ತಿವೆ. ಮೌಸ್ ಓಡಾಡುತ್ತಿದೆ, ವಿಂಡೋಸ್‌ಗೆ ಏನೂ ಆಗಿಲ್ಲ. ಈ ಟೆಸ್ಟ್ ಇಲ್ಲದಿದ್ದರೆ ಇಂಥದ್ದೊಂದು ನಡೆದದ್ದು ನನಗೆ ತಿಳಿಯುತ್ತಲೇ ಇರಲಿಲ್ಲ. ಇದೇ ಹೊತ್ತಿನಲ್ಲಿ ಒಂದು ಫೋಟೋ ಸೇವ್ ಆಗುತ್ತಿದ್ದಿದ್ದರೆ?

ಈಗ ಎರಡು ದಾರಿ. ವೋಲ್ಟೇಜ್ ಒಂದು ಮೆಟ್ಟಿಲು ಏರಿಸಿ 1.32 ಮಾಡಬಹುದು. ಈ ಚಿಪ್‌ಗೆ ದಿನಬಳಕೆಯಲ್ಲಿ 1.35ರವರೆಗೆ ನಾನು ಹೋಗಬಲ್ಲೆ. ಆದರೆ ಉಷ್ಣತೆ ಈಗಲೇ 88 ಡಿಗ್ರಿ. ಈ ಚಿಪ್ 100ಕ್ಕೆ ಮುಟ್ಟಿದರೆ ತಾನೇ ವೇಗ ಇಳಿಸುತ್ತದೆ. ಕೋಣೆ ಇನ್ನೊಂದಿಷ್ಟು ಬಿಸಿಯಾದ ದಿನ ಉಳಿಯುವ ಅಂತರ ಬಹಳ ಕಡಿಮೆ. ಮಲ್ಟಿಪ್ಲೈಯರ್ 49ಕ್ಕೆ ಇಳಿಸಿದರೆ ಕಳೆದುಕೊಳ್ಳುವುದು ಶೇಕಡಾ 2. ನಾನು ಇಳಿಸುತ್ತೇನೆ. 5 ಎಂಬ ಅಂಕಿಯ ಮೇಲೆ ನನಗೂ ಆಸೆ ಇದೆ, ಆದರೆ ಈ ಯಂತ್ರದಲ್ಲಿ ನನ್ನ ಕೆಲಸ ಇದೆ.

[ಪರದೆ: ಬಯೋಸ್. 50 ಇದ್ದದ್ದು 49 ಆಗುತ್ತದೆ. ಪ್ರೊಫೈಲ್ ಸೇವ್ ಆಗುತ್ತದೆ]

ಪ್ರೊಫೈಲ್ ಸೇವ್ ಮಾಡಿ, ಜೊತೆಗೆ ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಬಯೋಸ್ ಅಪ್‌ಡೇಟ್ ಮಾಡಿದಾಗ ಪ್ರೊಫೈಲ್‌ಗಳು ಅಳಿಸಿಹೋಗಬಹುದು. ಸೆಟ್ಟಿಂಗ್ ತಪ್ಪಿ ಪರದೆಯೇ ಬರದಿದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು ಕ್ಲಿಯರ್ ಸಿಮಾಸ್ ಪಿನ್‌ಗಳನ್ನು ಮುಟ್ಟಿಸಿ, ಇಲ್ಲವೇ ಬೋರ್ಡ್‌ನ ನಾಣ್ಯದಂಥ ಬ್ಯಾಟರಿ ಕೆಲವು ನಿಮಿಷ ತೆಗೆದಿಡಿ. ಎಲ್ಲ ಮೂಲಕ್ಕೆ ಮರಳುತ್ತದೆ.

ಗಡಿಯಾರ ಮತ್ತೆ ಸೊನ್ನೆಯಿಂದ. ನಾನು ಮಲಗುತ್ತೇನೆ, ಇದು ಓಡಲಿ.

[ಕತ್ತಲೆ. ನಂತರ ಬೆಳಗಿನ ಬೆಳಕು. ಗಡಿಯಾರ: 9 ಗಂಟೆ 40 ನಿಮಿಷ. 8 ವರ್ಕರ್, ಎರರ್ ಸೊನ್ನೆ]

ಎಂಟೂ ಓಡುತ್ತಿವೆ. ಅತಿ ಹೆಚ್ಚು ಉಷ್ಣತೆ 84. ಈವೆಂಟ್ ವ್ಯೂವರ್‌ನಲ್ಲಿ ವೀಯಾ ಒಂದೂ ಇಲ್ಲ. ಪ್ರೊಸೆಸರ್ 4.9ರಲ್ಲಿ ನಿಂತಿತು. ಈಗ ಎಕ್ಸ್‌ಎಂಪಿ ಆನ್ ಮಾಡಿ, ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಶುರು ಮಾಡುತ್ತಿದ್ದೇನೆ. 4 ಸುತ್ತು. ಅದು ಮುಗಿಯುವವರೆಗೆ ಈ ಕಂಪ್ಯೂಟರ್‌ಗೆ ಒಂದು ಫೈಲನ್ನೂ ಹಾಕುವುದಿಲ್ಲ.