ಕದ್ರಿ ದೇವಸ್ಥಾನದೊಳಗೆ ಕೂತ ಬೋಧಿಸತ್ವ

[ದೃಶ್ಯ: ಕಾಸರಗೋಡು ಬಸ್ ಸ್ಟ್ಯಾಂಡ್, ಬೆಳಗ್ಗೆ]

ನಮಸ್ಕಾರ. ನಮ್ಮ ಕಾಸರಗೋಡಿನವರಿಗೆ ಮಂಗಳೂರಿನ ಕದ್ರಿ ಹೊಸತೇನಲ್ಲ. ತಲಪಾಡಿ ದಾಟಿದರೆ ಮಂಗಳೂರು, ಮಲ್ಲಿಕಟ್ಟೆಯಿಂದ ನಡೆದೇ ಹೋಗಬಹುದು. ಚಿಕ್ಕವನಿದ್ದಾಗ ನಾನೂ ಎಷ್ಟೋ ಸಲ ಹೋಗಿದ್ದೇನೆ. ಮಂಜುನಾಥನಿಗೆ ಕೈ ಮುಗಿಯುವುದು, ಪ್ರಸಾದ ತೆಗೆದುಕೊಳ್ಳುವುದು, ಕದ್ರಿ ಪಾರ್ಕಿಗೆ ಓಡುವುದು. ಒಳಗೆ ಒಬ್ಬ ಬೋಧಿಸತ್ವ, ಅಂದರೆ ಬುದ್ಧನಾಗುವ ದಾರಿಯಲ್ಲಿರುವವನು, ಕೂತಿದ್ದಾನೆ ಅಂತ ಯಾರೂ ಹೇಳಿರಲಿಲ್ಲ.

[ದೃಶ್ಯ: ದೇವಸ್ಥಾನದ ಹೊರನೋಟ. ಒಳಗೆ ಕ್ಯಾಮೆರಾ ಬಂದ್, ಸ್ವರ ಮಾತ್ರ]

ಕಂಚಿನ ಮೂರ್ತಿ. ಮೂರು ಮುಖ, ಆರು ಕೈ. ಸುಮ್ನೆ ನೋಡಿದರೆ ಬ್ರಹ್ಮ ಅನಿಸುತ್ತದೆ. ಆದರೆ ಇವನು ಲೋಕೇಶ್ವರ, ಅಂದರೆ ಬೌದ್ಧರ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ. ಹೆಸರು ಊಹೆಯದ್ದಲ್ಲ, ಪೀಠದಲ್ಲೇ ಬರೆದಿದೆ. ಕ್ರಿ.ಶ. 968ರಲ್ಲಿ ತುಳುನಾಡನ್ನು ಆಳಿದ ಆಳುಪ ವಂಶದ ರಾಜ ಕುಂದವರ್ಮ 'ಕದಿರಿಕಾ ವಿಹಾರ'ದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿಸಿದ ಅಂತ ಸಂಸ್ಕೃತ ಶಾಸನ. ವಿಹಾರ ಅಂದರೆ ಬೌದ್ಧ ಭಿಕ್ಷುಗಳು ಇರುವ ಜಾಗ, ಅಲ್ವಾ?

ಇಲ್ಲೇ ಒಂದು ಗಂಟು. ಅದೇ ಶಾಸನ ಆ ರಾಜನನ್ನು ಶಿವನ ಪಾದಕಮಲದ ದುಂಬಿ ಅಂತ ಹೊಗಳುತ್ತದೆ! ಹಾಗಾಗಿ ಕದ್ರಿ ಆಗ ಬೌದ್ಧರದ್ದಾ, ಶೈವರದ್ದಾ ಅಂತ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ನನಗಂತೂ ಶಿವಭಕ್ತ ರಾಜ ಲೋಕೇಶ್ವರನಿಗೂ ಜಾಗ ಕೊಟ್ಟ ಅನ್ನುವುದರಲ್ಲಿ ಅಂಥ ವಿಚಿತ್ರ ಏನೂ ಕಾಣುವುದಿಲ್ಲ. ನಮ್ಮ ಕಡೆ ಒಂದೇ ಮನೆಯವರು ದೇವಸ್ಥಾನಕ್ಕೂ ಹೋಗುತ್ತಾರೆ, ಭೂತಕ್ಕೂ ಕೋಲ ಕೊಡುತ್ತಾರೆ.

[ದೃಶ್ಯ: ಗೋಮುಖ, ಕೆರೆಗಳು, ಮೇಲೆ ಹೋಗುವ ಮೆಟ್ಟಿಲು]

ದೇವಸ್ಥಾನದ ಹಿಂಬದಿಯಲ್ಲಿ ಗೋಮುಖದ ನೀರು, ಅಲ್ಲಿ ಕಾಲು ತೊಳೆದು ಮೆಟ್ಟಿಲು ಹತ್ತಿ. ಗುಡ್ಡದ ಮೇಲೆ ಜೋಗಿ ಮಠ. ಮತ್ಸ್ಯೇಂದ್ರನಾಥ, ಗೋರಖನಾಥರ ನಾಥ ಪಂಥದವರದ್ದು, ಅಂದರೆ ಶೈವ ಯೋಗಿಗಳ ಪಂಥದ್ದು. ಇನ್ನೊಂದು ಮಾತು ಕೇಳಿ. ನೇಪಾಳದ ಪಾಟನ್‌ನಲ್ಲಿ ರಥ ಎಳೆಯುವ ದೇವರನ್ನು ಹಿಂದೂಗಳು ಮತ್ಸ್ಯೇಂದ್ರನಾಥ ಅನ್ನುತ್ತಾರೆ, ಬೌದ್ಧರು ಅವಲೋಕಿತೇಶ್ವರ ಅನ್ನುತ್ತಾರೆ. ದೇವರು ಒಬ್ಬನೇ. ಕದ್ರಿಯಲ್ಲೂ ಆ ಇಬ್ಬರು ಒಂದೇ ಗುಡ್ಡದಲ್ಲಿದ್ದಾರೆ, ಒಬ್ಬರು ಕೆಳಗೆ, ಒಬ್ಬರು ಮೇಲೆ.

[ದೃಶ್ಯ: ನಕ್ಷೆ, ನಾಸಿಕದಿಂದ ಕದ್ರಿಗೆ ಗೆರೆ]

12 ವರ್ಷಕ್ಕೊಮ್ಮೆ, ನಾಸಿಕದ ಕುಂಭಮೇಳ ಮುಗಿದ ಮೇಲೆ, ನಾಥ ಜೋಗಿಗಳ ಝುಂಡಿ, ಅಂದರೆ ಗುಂಪು, ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಿಂದ ಹೊರಡುತ್ತದೆ. ತಿಂಗಳುಗಟ್ಟಲೆ ಬರೀ ನಡಿಗೆ. ಶಿವರಾತ್ರಿ ಹೊತ್ತಿಗೆ ಕದ್ರಿ ಮುಟ್ಟುತ್ತಾರೆ, ಮಠಕ್ಕೆ ಹೊಸ ರಾಜನಿಗೆ ಪಟ್ಟ ಕಟ್ಟುತ್ತಾರೆ. ಹೌದು, ಮಠದ ಮುಖ್ಯಸ್ಥರನ್ನು ರಾಜ ಅಂತಲೇ ಕರೆಯುವುದು. ಹಿಂದಿನ ಪಟ್ಟ 2016ರಲ್ಲಿ ಆಯಿತು. ಆ ಲೆಕ್ಕದಲ್ಲಿ ಮುಂದಿನದು 2028ಕ್ಕೆ.

ಅಲ್ಲಿವರೆಗೆ ಕಾಯಬೇಕಿಲ್ಲ. ಬೆಳಗ್ಗಿನ ಬಸ್ಸು ಹಿಡಿಯಿರಿ. ಪೀಠದ ಅಕ್ಷರ ಕಾಣಬೇಕಾದರೆ ಜನ ಕಡಿಮೆ ಇರುವಾಗಲೇ ಹೋಗಬೇಕು.