ಕಪ್ಪು ಅಮೆರಿಕನ್ನರು ಲೆಕ್ಕ ಹಾಕಿ ಕೊಡುವ ಮತ

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದಲ್ಲಿ ಚುನಾವಣೆ ಬಂತು ಅಂದರೆ ಒಂದು ಮಾತು ಎಲ್ಲ ಕಡೆ ಕೇಳಿಬರುತ್ತದೆ. ಟಿವಿ ಚರ್ಚೆಯಲ್ಲಿ ಹೇಳುತ್ತಾರೆ. ಅಲ್ಲಿ ಕೆಲಸಕ್ಕಿರುವ ನಮ್ಮ ಮಕ್ಕಳು ಊರಿಗೆ ಫೋನ್ ಮಾಡಿದಾಗಲೂ ಒಮ್ಮೊಮ್ಮೆ ಹೇಳುತ್ತಾರೆ. "ಕಪ್ಪು ಜನ ಬಿಡಿ, ಕಣ್ಣು ಮುಚ್ಚಿಕೊಂಡು ಡೆಮಾಕ್ರಟಿಕ್ ಪಕ್ಷಕ್ಕೇ ಹಾಕುತ್ತಾರೆ. ಸರ್ಕಾರದ ದುಡ್ಡು ಸಿಕ್ಕರೆ ಸಾಕು ಅವರಿಗೆ." ಈ ಮಾತು ತಪ್ಪು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಒಂದೇ ವಿಷಯ. ಕಪ್ಪು ಅಮೆರಿಕನ್ನರು ಲೆಕ್ಕ ಹಾಕಿ ಮತ ಕೊಡುತ್ತಾರೆ.

ಮೊದಲು ಇದನ್ನು ನೋಡಿ. ಇದೇ ಜನ ಆರು ದಶಕ ರಿಪಬ್ಲಿಕನ್ ಪಕ್ಷದ ಜೊತೆ ಇದ್ದರು. ಯಾಕೆ? ಅದು ಲಿಂಕನ್ ಪಕ್ಷ. 1865ರಲ್ಲಿ ಗುಲಾಮಗಿರಿ ಹೋಯಿತು. 1870ರಲ್ಲಿ ಕಪ್ಪು ಗಂಡಸರಿಗೆ ಮತದ ಹಕ್ಕು ಬಂತು. ಅದೇ ವರ್ಷ ಮಿಸಿಸಿಪ್ಪಿ ರಾಜ್ಯದಿಂದ ಹೈರಮ್ ರೆವೆಲ್ಸ್ ದೇಶದ ಮೊದಲ ಕಪ್ಪು ಸೆನೆಟರ್ ಆದರು, ರಿಪಬ್ಲಿಕನ್ ಪಕ್ಷದಿಂದ. ದಕ್ಷಿಣದ ರಾಜ್ಯಗಳಲ್ಲಿ ಡೆಮಾಕ್ರಟಿಕ್ ಪಕ್ಷ ಅಂದರೆ ಬಿಳಿಯರ ಪಕ್ಷ. ಮತ ಹಾಕಬೇಕಾದರೆ ತೆರಿಗೆ ಕಟ್ಟಿ, ಓದುಬರಹದ ಪರೀಕ್ಷೆ ಕೊಡಿ ಅಂತ ಕಪ್ಪು ಜನರನ್ನು ಹೊರಗಿಟ್ಟವರು ಅವರೇ. ಹೀಗಿದ್ದಾಗ ಅವರಿಗೆ ಯಾರು ಮತ ಕೊಡುತ್ತಾರೆ?

ಆಮೇಲೆ ಆರ್ಥಿಕ ಕುಸಿತ ಬಂತು. ಮೊದಲು ಕೆಲಸ ಕಳೆದುಕೊಂಡವರು ಕಪ್ಪು ಜನ. 1932ರಲ್ಲಿ ರಾಬರ್ಟ್ ವ್ಯಾನ್ ಎಂಬ ಕಪ್ಪು ಪತ್ರಿಕಾ ಸಂಪಾದಕರು ತಮ್ಮ ಜನರಿಗೆ ಹೇಳಿದರು: ಮನೆಯಲ್ಲಿರುವ ಲಿಂಕನ್ ಪಟವನ್ನು ಗೋಡೆ ಕಡೆ ತಿರುಗಿಸಿ, ಆ ಋಣ ತೀರಿತು. ಆ ವರ್ಷ ಹೆಚ್ಚಿನವರು ಕೇಳಲಿಲ್ಲ. ನಾಲ್ಕು ವರ್ಷ, ಆ ಚುನಾವಣೆ ಗೆದ್ದ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ರೂಸ್‌ವೆಲ್ಟ್ ಏನು ಮಾಡುತ್ತಾರೆ ಅಂತ ನೋಡಿದರು. ಕೆಲಸ ಕೊಡುವ ಯೋಜನೆಗಳು ಬಂದವು. 1936ರಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿ ರೂಸ್‌ವೆಲ್ಟ್‌ಗೆ ಹಾಕಿದರು. ನೋಡಿ, ತಿಳಿದು ನೋಡಿಯೇ ಬದಲಾದರು.

ಇನ್ನು ನನಗೆ ತುಂಬ ಇಷ್ಟವಾದ ಪ್ರಸಂಗ. ಇದನ್ನು ಪೂರ್ತಿ ಹೇಳಲೇಬೇಕು.

1960ರ ಅಕ್ಟೋಬರ್. ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಕೆನಡಿ, ರಿಪಬ್ಲಿಕನ್ ಪಕ್ಷದ ನಿಕ್ಸನ್ ನಡುವೆ ಪೈಪೋಟಿ. ಚುನಾವಣೆಗೆ ಮೂರು ವಾರ ಕೂಡ ಉಳಿದಿಲ್ಲ. ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ರಿಚ್ಸ್ ಅಂತ ಒಂದು ದೊಡ್ಡ ಮಳಿಗೆ. ಅಲ್ಲಿ ಕಪ್ಪು ಜನರಿಂದ ದುಡ್ಡು ತಗೊಂಡು ಸಾಮಾನು ಕೊಡುತ್ತಿದ್ದರು, ಊಟಕ್ಕೆ ಬಿಳಿಯರ ಜೊತೆ ಕೂರಲು ಮಾತ್ರ ಬಿಡುತ್ತಿರಲಿಲ್ಲ. ಕಪ್ಪು ಜನರ ನಾಯಕ ಮಾರ್ಟಿನ್ ಲೂಥರ್ ಕಿಂಗ್ ವಿದ್ಯಾರ್ಥಿಗಳ ಜೊತೆ ಅಲ್ಲಿಗೆ ಹೋದರು. ಪೊಲೀಸರು ಹಿಡಿದರು. ಉಳಿದವರೆಲ್ಲ ಬಿಡುಗಡೆಯಾದರು, ಕಿಂಗ್ ಆಗಲಿಲ್ಲ. ಹಳೆಯ ಟ್ರಾಫಿಕ್ ಕೇಸೊಂದನ್ನು ಕೆದಕಿದರು. ಜಾರ್ಜಿಯಾಕ್ಕೆ ಬಂದ ಮೇಲೂ ಅಲಬಾಮಾದ ಲೈಸೆನ್ಸ್‌ನಲ್ಲೇ ಕಾರು ಓಡಿಸಿದ್ದರು, ಅಷ್ಟೇ. ಅದಕ್ಕೆ ನಾಲ್ಕು ತಿಂಗಳ ಕಠಿಣ ಶಿಕ್ಷೆ! ರಾತ್ರೋರಾತ್ರಿ ಕೋಳ ತೊಡಿಸಿ ದೂರದ ರೀಡ್ಸ್‌ವಿಲ್ ಜೈಲಿಗೆ ಸಾಗಿಸಿದರು. ಹೆಂಡತಿ ಕೊರೆಟ್ಟಾ ಬಸುರಿ. ಗಂಡನ ಜೀವಕ್ಕೇ ಅಪಾಯ ಅಂತ ಅವರಿಗೆ ಭಯ.

ಕೆನಡಿ ತಂಡದಲ್ಲಿ ಹ್ಯಾರಿಸ್ ವಾಫರ್ಡ್ ಅಂತ ಒಬ್ಬರಿದ್ದರು. ಭಾರತಕ್ಕೆ ಬಂದು ಗಾಂಧೀಜಿಯ ದಾರಿಯನ್ನು ತಿಳಿದುಕೊಂಡು ಹೋಗಿದ್ದವರು. ಕೊರೆಟ್ಟಾಗೆ ಕೆನಡಿ ಒಂದು ಫೋನ್ ಮಾಡಬೇಕು ಅಂತ ಅವರಿಗೆ ಅನಿಸಿತು. ಕೆನಡಿಯ ತಂಗಿಯ ಗಂಡ ಸಾರ್ಜೆಂಟ್ ಶ್ರೈವರ್‌ಗೆ ಹೇಳಿದರು. ಶ್ರೈವರ್ ಶಿಕಾಗೋದಲ್ಲಿ ಕೆನಡಿ ಇದ್ದ ಹೋಟೆಲಿಗೆ ಓಡಿದರು. ಕೋಣೆ ತುಂಬ ಸಲಹೆಗಾರರು. ದಕ್ಷಿಣದ ಬಿಳಿಯರ ಮತ ಹೋಗುತ್ತದೆ ಅಂತ ಅವರು ಖಂಡಿತ ತಡೆಯುತ್ತಾರೆ. ಶ್ರೈವರ್ ಸುಮ್ನೆ ಕಾದರು. ಎಲ್ಲರೂ ಆಚೆ ಹೋದ ಮೇಲೆ ವಿಷಯ ಹೇಳಿದರು. ಕೆನಡಿ ಅಲ್ಲಿಂದಲೇ ಫೋನ್ ಮಾಡಿದರು. ಒಂದೆರಡು ನಿಮಿಷದ ಮಾತು. ವಿಷಯ ತಿಳಿದು ತಮ್ಮ ರಾಬರ್ಟ್ ಕೆನಡಿ ಮೊದಲು ಸಿಟ್ಟಾದರು. ಆಮೇಲೆ ಅವರೇ ನ್ಯಾಯಾಧೀಶರಿಗೆ ಫೋನ್ ಹಚ್ಚಿದರು. ಕಿಂಗ್ ಜಾಮೀನಿನ ಮೇಲೆ ಹೊರಬಂದರು.

ನಿಕ್ಸನ್ ಏನು ಮಾಡಿದರು? ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್, ತಾವೂ ಕಪ್ಪು ಜನ, ನಿಕ್ಸನ್ ಪರ ಪ್ರಚಾರ ಮಾಡುತ್ತಿದ್ದರು. ಕಿಂಗ್ ಪರವಾಗಿ ಏನಾದರೂ ಮಾಡಿ ಅಂತ ಕೇಳಿಕೊಂಡರು. ನಿಕ್ಸನ್ ಬಾಯಿ ಬಿಡಲಿಲ್ಲ.

ಕಿಂಗ್ ಅವರ ತಂದೆ ಪಾದ್ರಿ. ಕೆನಡಿ ಕ್ಯಾಥೊಲಿಕ್ ಅನ್ನುವ ಕಾರಣಕ್ಕೆ ನಿಕ್ಸನ್ ಪರ ಇದ್ದವರು. ಈಗ ಅವರೇ, ನನ್ನ ಹತ್ತಿರ ಸೂಟ್‌ಕೇಸ್ ತುಂಬ ಮತ ಇದೆ, ಅದೆಲ್ಲ ಕೆನಡಿಗೆ ಅಂದರು. ಈ ಕತೆ ನೀಲಿ ಕಾಗದದ ಕರಪತ್ರವಾಗಿ ಲಕ್ಷಗಟ್ಟಲೆ ಅಚ್ಚಾಯಿತು. ಚುನಾವಣೆಯ ಹಿಂದಿನ ಭಾನುವಾರ ಕಪ್ಪು ಜನರ ಚರ್ಚುಗಳ ಮುಂದೆ ಹಂಚಿದರು. ಕೆನಡಿ ಗೆದ್ದದ್ದು ಇಡೀ ದೇಶದಲ್ಲಿ ಸುಮಾರು 1 ಲಕ್ಷ 12 ಸಾವಿರ ಮತಗಳ ಅಂತರದಿಂದ.

1956ರಲ್ಲಿ ರಿಪಬ್ಲಿಕನ್ ಐಸೆನ್‌ಹೋವರ್‌ಗೆ ಹತ್ತು ಕಪ್ಪು ಮತದಾರರಲ್ಲಿ ಸುಮಾರು ನಾಲ್ವರು ಹಾಕಿದ್ದರು. ನಾಲ್ಕೇ ವರ್ಷಕ್ಕೆ ನಿಕ್ಸನ್‌ಗೆ ಅದು ಮೂವರಿಗೆ ಇಳಿಯಿತು. 1964ರಲ್ಲಿ ರಿಪಬ್ಲಿಕನ್ನರು ಗೋಲ್ಡ್‌ವಾಟರ್ ಅವರನ್ನು ನಿಲ್ಲಿಸಿದರು. ಬಣ್ಣದ ಭೇದಭಾವವನ್ನು ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆಗೆ ಸೆನೆಟ್‌ನಲ್ಲಿ ವಿರುದ್ಧ ಮತ ಹಾಕಿದವರು ಅವರು. ಆಗ ಹತ್ತರಲ್ಲಿ ಒಬ್ಬರೂ ಆ ಕಡೆ ಉಳಿಯಲಿಲ್ಲ. ಇದನ್ನು ಕಣ್ಣು ಮುಚ್ಚಿಕೊಂಡು ಹಾಕಿದ್ದು ಅನ್ನೋಣವೇ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಾಗಂತ ಡೆಮಾಕ್ರಟರ ಮುಂದೆಯೂ ಅವರು ತಲೆ ಬಾಗಿಸಲಿಲ್ಲ. ಅದೇ 1964ರಲ್ಲಿ ಹೊಲದ ಕೂಲಿ ಮಾಡುತ್ತಿದ್ದ ಕಪ್ಪು ಹೆಂಗಸು ಫ್ಯಾನಿ ಲೂ ಹೇಮರ್ ಡೆಮಾಕ್ರಟಿಕ್ ಸಮಾವೇಶಕ್ಕೇ ಹೋಗಿ, ಮಿಸಿಸಿಪ್ಪಿಯ ಬಿಳಿಯರ ತಂಡದ ಬದಲು ನಮ್ಮನ್ನು ಕೂರಿಸಿ ಅಂತ ಕೇಳಿದರು. ಎರಡು ಸೀಟು ಕೊಡುತ್ತೇವೆ ಅಂದಾಗ ಅವರ ಗುಂಪು ಬೇಡ ಅಂದಿತು.

ಸಮಯ ಓಡುತ್ತಿದೆ. ಆ ಸರ್ಕಾರದ ದುಡ್ಡಿನ ಮಾತು. 1976ರಲ್ಲಿ ರಿಪಬ್ಲಿಕನ್ ಪಕ್ಷದ ರೇಗನ್ ತಮ್ಮ ಪ್ರಚಾರದಲ್ಲಿ ಶಿಕಾಗೋದ ಹೆಂಗಸೊಬ್ಬಳು ನೆರವಿನ ಹಣ ಲೂಟಿ ಮಾಡುತ್ತಾಳೆ ಅಂತ ಊರೂರಲ್ಲಿ ಹೇಳಿದರು. ಬಣ್ಣ ಹೇಳಲಿಲ್ಲ, ಕೇಳಿದವರ ತಲೆಯಲ್ಲಿ ಮೂಡಿದ್ದು ಮಾತ್ರ ಕಪ್ಪು ಹೆಂಗಸು. ನಿಜ ಏನು? ಅಮೆರಿಕದಲ್ಲಿ ಸರ್ಕಾರದ ಆಹಾರ ನೆರವು ಪಡೆಯುವವರಲ್ಲಿ ಎಲ್ಲಕ್ಕಿಂತ ದೊಡ್ಡ ಗುಂಪು ಬಿಳಿಯರದು. ಬಿಳಿಯರ ಮತ ದುಡ್ಡಿಗೆ ಬಿತ್ತು ಅಂತ ಯಾರಾದರೂ ಹೇಳುತ್ತಾರಾ?

ಎರಡೂ ಪಕ್ಷದವರಿಗೆ ಈ ರೋಗ ಇದೆ. 2020ರಲ್ಲಿ ಬೈಡನ್, ನನಗೋ ಟ್ರಂಪ್‌ಗೋ ಅಂತ ಯೋಚಿಸುತ್ತಿದ್ದರೆ ನೀವು ಕಪ್ಪು ಜನವೇ ಅಲ್ಲ ಅನ್ನುವ ಅರ್ಥದಲ್ಲಿ ಮಾತಾಡಿ, ಅದೇ ದಿನ ತಪ್ಪಾಯಿತು ಅಂದರು. 2024ರಲ್ಲಿ ಟ್ರಂಪ್, ನನ್ನ ಮೇಲೂ ಕೇಸು ಹಾಕಿದ್ದಾರೆ, ಅದಕ್ಕೇ ಕಪ್ಪು ಜನ ನನ್ನನ್ನು ಇಷ್ಟಪಡುತ್ತಾರೆ ಅಂದರು. ಕಪ್ಪು ಮನುಷ್ಯ ಅಂದರೆ ಜೈಲು, ಕೇಸು ಅಂತಲೇ ನೆನಪಾಗಬೇಕಾ?

2024ರಲ್ಲಿ ಹತ್ತರಲ್ಲಿ ಎಂಟಕ್ಕೂ ಜಾಸ್ತಿ ಕಪ್ಪು ಮತದಾರರು ಕಮಲಾ ಹ್ಯಾರಿಸ್‌ಗೆ ಹಾಕಿದರು. ಯುವಕರಲ್ಲಿ ಒಂದಷ್ಟು ಮಂದಿ ಟ್ರಂಪ್ ಕಡೆ ಹೋದರು. ಬೆಲೆ ಏರಿಕೆ, ಬಾಡಿಗೆ, ಕೆಲಸ ಅಂತ ಕಾರಣ ಕೊಟ್ಟರು. ಅವರ ಆಯ್ಕೆ ನಿಮಗೆ ಸರಿ ಅನಿಸದೇ ಇರಬಹುದು. ಆದರೆ ಅವರೂ ಲೆಕ್ಕ ಹಾಕಿಯೇ ಹಾಕಿದ್ದು, ಅಲ್ವಾ?

ನನ್ನ ಸಮಯ ಮುಗಿಯಿತು. ನಮಸ್ಕಾರ.